ಮ್ಯಾಕ್‌ಟೀಗ್ ಹುಟ್ಟಾ ಕೊಲೆಗಾರನೇ? ಒಬ್ಬ ದಂತವೈದ್ಯನೊಳಗಿನ ಮೃಗದ ಬಗ್ಗೆ

ಪ್ರಶ್ನೆ: ನಾನು ಬಿಡಿಎಸ್ ಮೂರನೇ ವರ್ಷದ ವಿದ್ಯಾರ್ಥಿನಿ. ನಮ್ಮ ಓದುಗರ ಬಳಗದಲ್ಲಿ ಈ ತಿಂಗಳು ಅಮೆರಿಕದ ಫ್ರಾಂಕ್ ನಾರಿಸ್‌ನ ‘ಮ್ಯಾಕ್‌ಟೀಗ್’ ಕಾದಂಬರಿ. ನಾಯಕ ಹಲ್ಲಿನ ಡಾಕ್ಟರು ಎಂಬ ಒಂದೇ ಕಾರಣಕ್ಕೆ ಇಪ್ಪತ್ತು ನಿಮಿಷ ಮಾತಾಡುವ ಹೊಣೆ ನನ್ನ ಹೆಗಲಿಗೆ ಬಿತ್ತು. ಓದಿ ಮುಗಿಸಿದಾಗಿನಿಂದ ತಳಮಳ. ಈಥರ್ ಕೊಟ್ಟು ಮಲಗಿಸಿದ ರೋಗಿಗೆ ಮುತ್ತಿಡುತ್ತಾನೆ, ಅವಳನ್ನೇ ಮದುವೆಯಾಗಿ ಬೆರಳು ಕಚ್ಚುತ್ತಾನೆ, ಕೊನೆಗೆ ಕೊಂದೇ ಬಿಡುತ್ತಾನೆ. ಪ್ರತಿ ಸಲವೂ ಲೇಖಕ ‘ಅವನೊಳಗಿನ ಮೃಗ ಎದ್ದಿತು’ ಎನ್ನುತ್ತಾನೆ, ಅಪ್ಪನ ರಕ್ತವನ್ನು ದೂರುತ್ತಾನೆ. ಹಾಗಾದರೆ ಅವನದೇನೂ ತಪ್ಪಿಲ್ಲವೇ? ಬಳಗದ ಹಿರಿಯರೊಬ್ಬರು, ‘ಹುಟ್ಟುಗುಣ ಸುಟ್ಟರೂ ಹೋಗದು, ಇಡೀ ಪುಸ್ತಕ ಹೇಳೋದು ಅಷ್ಟೇ’ ಎಂದು ಮಾತು ಮುಗಿಸಿಬಿಟ್ಟರು. ನನಗೆ ಒಪ್ಪಿಗೆಯಾಗಲಿಲ್ಲ, ಉತ್ತರ ಕೊಡಲೂ ತೋಚಲಿಲ್ಲ. ಇಷ್ಟಾದರೂ ಕೊನೆಯ ಪುಟದಲ್ಲಿ ಅವನ ಬಗ್ಗೆ ಅಯ್ಯೋ ಅನ್ನಿಸಿತು. ಅದು ನನ್ನ ಓದಿನ ದೋಷವೇ?

ಉತ್ತರ: ಕೊನೆಯದನ್ನೇ ಮೊದಲು ಹೇಳಿಬಿಡುತ್ತೇನೆ. ಅಯ್ಯೋ ಅನ್ನಿಸಿದ್ದು ದೋಷವಲ್ಲ. ನಾರಿಸ್ ಆ ಪುಟವನ್ನು ಬರೆದಿರುವುದೇ ಹಾಗೆ. ಸಾವಿನ ಕಣಿವೆ ಎಂದೇ ಹೆಸರಾದ ಡೆತ್ ವ್ಯಾಲಿಯ ಸುಡು ನೆಲದ ಮೇಲೆ ನೀರಿಲ್ಲ, ಕೈಗೆ ಬೇಡಿ, ಬೇಡಿಯ ಇನ್ನೊಂದು ತುದಿಯಲ್ಲಿ ಗೆಳೆಯನಾಗಿದ್ದು ಶತ್ರುವಾದ ಮಾರ್ಕಸ್‌ನ ಹೆಣ, ಪಕ್ಕದ ಪಂಜರದಲ್ಲಿ ಅರೆಜೀವದ ಕ್ಯಾನರಿ ಹಕ್ಕಿ. ಅಲ್ಲಿ ಮರುಕ ಬಾರದಿದ್ದರೆ ಓದಿನಲ್ಲಿ ಏನೋ ತಪ್ಪಿಹೋಗಿದೆ ಎನ್ನಬೇಕು. ನಿಮ್ಮ ನಿಜವಾದ ತೊಡಕು ಬೇರೆ. ಮರುಕಪಟ್ಟರೆ ಕೊಲೆಯನ್ನು ಮನ್ನಿಸಿದ ಹಾಗಾಗುತ್ತದೆ, ಮನ್ನಿಸಬಾರದೆಂದರೆ ‘ಮೃಗ’ದ ಮಾತನ್ನು ಸುಳ್ಳೆನ್ನಬೇಕಾಗುತ್ತದೆ ಎಂಬ ಇಕ್ಕಟ್ಟು ನಿಮ್ಮದು. ಇಕ್ಕಟ್ಟು ಹುಟ್ಟಿದ್ದು ಒಂದೇ ಪದಕ್ಕೆ ಮೂರು ಕೆಲಸ ಹೊರಿಸಿದ್ದರಿಂದ.

ಇಂಗ್ಲಿಷಿನ ‘ಇನ್‌ಸ್ಟಿಂಕ್ಟ್’ಗೆ ನಮ್ಮ ಪಠ್ಯಗಳಲ್ಲಿ ‘ಸಹಜ ಪ್ರವೃತ್ತಿ’ ಎಂದು ಬರೆದು ಮುಂದೆ ಹೋಗುತ್ತಾರೆ. ಈ ಕಾದಂಬರಿಗೆ ಅದು ಸಾಲದು. ಇಲ್ಲಿ ಮೂರು ಬೇರೆ ಸರಕುಗಳಿವೆ, ಮೂರಕ್ಕೂ ಕನ್ನಡದಲ್ಲಿ ಬೇರೆ ಬೇರೆ ಮಾತಿದೆ. ಒಂದು, ಮೈಯ ಹಸಿವು: ಊಟ, ಬೀರು, ಹೆಣ್ಣು. ಎರಡು, ಹುಟ್ಟುಗುಣ: ಅಪ್ಪನಿಂದ ಮಗನಿಗೆ ಇಳಿದು ಬಂದದ್ದು ಎಂದು ನಾರಿಸ್ ಹೇಳುವ ಕೇಡು. ಮೂರು, ಪ್ರಾಣಿಯ ಎಚ್ಚರ: ಬೇಟೆಗಾರ ಇನ್ನೂ ದೂರದಲ್ಲಿರುವಾಗಲೇ ಜಿಂಕೆ ಕಿವಿ ನಿಮಿರಿಸುತ್ತದಲ್ಲ, ಅದು. ಮೂರನ್ನೂ ‘ಮೃಗ’ ಎಂಬ ಒಂದೇ ಚೀಲಕ್ಕೆ ತುಂಬಿದವನು ನಿರೂಪಕ. ಬಿಚ್ಚಿ ಬೇರೆ ಮಾಡುವುದು ಓದುಗರ ಕೆಲಸ.

ಮೈಯ ಹಸಿವಿನಿಂದ ಶುರುಮಾಡೋಣ. ಕಾದಂಬರಿ ತೆರೆದುಕೊಳ್ಳುವುದೇ ಅಲ್ಲಿ. ಭಾನುವಾರ ಮಧ್ಯಾಹ್ನ, ಸ್ಯಾನ್ ಫ್ರಾನ್ಸಿಸ್ಕೊದ ಪೋಕ್ ಸ್ಟ್ರೀಟ್. ಮ್ಯಾಕ್‌ಟೀಗ್ ಟ್ರ್ಯಾಮ್ ಕಂಡಕ್ಟರುಗಳು ತಿನ್ನುವ ಹೋಟೆಲಿನಲ್ಲಿ ಗಟ್ಟಿ ಸೂಪು, ಅರೆಬೆಂದ ಮಾಂಸ, ಕೊಬ್ಬಿನ ಪುಡ್ಡಿಂಗ್ ಉಂಡು, ದಾರಿಯಲ್ಲಿ ಒಂದು ಹೂಜಿ ಸ್ಟೀಮ್ ಬೀರು ಹಿಡಿದು ತನ್ನ ‘ಪಾರ್ಲರ್’ಗೆ, ಅಂದರೆ ಹಲ್ಲಿನ ದವಾಖಾನೆಗೆ, ಬರುತ್ತಾನೆ. ರೋಗಿಗಳು ಕೂರುವ ಕುರ್ಚಿಯಲ್ಲೇ ಒರಗಿ ಬೀರು ಕುಡಿದು, ಪೈಪು ಸೇದಿ, ತೂಕಡಿಸಿ, ಎದ್ದು ಕನ್ಸರ್ಟೀನಾ ಎಂಬ ಕೈಯಲ್ಲಿ ಹಿಡಿದು ನುಡಿಸುವ ತಿದಿವಾದ್ಯದಲ್ಲಿ ತನಗೆ ಬರುವ ಆರೇ ಆರು ಗೋಳಿನ ರಾಗ ನುಡಿಸುತ್ತಾನೆ. ಅವನಿಗೆ ಇದೇ ಸ್ವರ್ಗ. ನಾರಿಸ್ ಇಲ್ಲಿ ಅವನನ್ನು ಗಾಡಿ ಎಳೆಯುವ ಕುದುರೆಗೆ ಹೋಲಿಸುತ್ತಾನೆ: ಭಾರೀ ಬಲ, ಮಂದ ಬುದ್ಧಿ, ಸಾಧು, ಹೇಳಿದ ಮಾತು ಕೇಳುವ ಪ್ರಾಣಿ. ಅವನಲ್ಲಿ ಕೆಡುಕು ಎಂಬುದೇನೂ ಇರಲಿಲ್ಲ ಎಂದೂ ಸ್ಪಷ್ಟವಾಗಿ ಬರೆಯುತ್ತಾನೆ. ಈ ವಾಕ್ಯದ ಕೆಳಗೆ ಗೆರೆ ಎಳೆದಿಡಿ. ಮುಂದಿನ ಅಧ್ಯಾಯದಲ್ಲೇ ಇದಕ್ಕೆ ತದ್ವಿರುದ್ಧವಾದ ಮಾತು ಬರುತ್ತದೆ.

ಎರಡನೇ ಅಧ್ಯಾಯದ ಈಥರ್ ಪ್ರಸಂಗವನ್ನು ನೀವು ಬಿಟ್ಟುಹೋಗುವಂತಿಲ್ಲ. ನಿಮ್ಮ ವೃತ್ತಿಯವರು ಅದನ್ನು ಉಳಿದವರಿಗಿಂತ ಚೆನ್ನಾಗಿ ಓದಬಲ್ಲಿರಿ. ಮುಂದೆ ಅವನ ಹೆಂಡತಿಯಾಗುವ ಟ್ರೀನಾ ಉಯ್ಯಾಲೆಯಿಂದ ಬಿದ್ದು ಹಲ್ಲು ಮುರಿದುಕೊಂಡು ಬಂದವಳು. ನೋವು ಹೆಚ್ಚಾದಾಗ ಈಥರ್ ಕೊಡುತ್ತಾನೆ. ಕೋಣೆಯಲ್ಲಿ ಮೂರನೆಯವರಿಲ್ಲ. ಅವಳ ಎಚ್ಚರ ತಪ್ಪಿದೆ. ಅವನೊಳಗೆ ಮೃಗ ಎದ್ದಿತು, ಅದರ ಜೊತೆ ಅವನು ಸೆಣಸಿದ ಎಂದು ಒಂದು ಪುಟದುದ್ದಕ್ಕೂ ಗುಡುಗಿ, ಕೊನೆಗೆ ಅವನು ಬಾಗಿ ಅವಳ ತುಟಿಗೆ ಮುತ್ತಿಟ್ಟ ಎನ್ನುತ್ತಾನೆ ನಾರಿಸ್. ಆಮೇಲೆ ಆ ಪ್ರಸಿದ್ಧ ಸಾಲುಗಳು: ಒಳ್ಳೆಯತನದ ನವಿರು ನೇಯ್ಗೆಯ ಕೆಳಗೆ ವಂಶದ ಕೇಡು ಕೊಳಚೆ ನೀರಿನಂತೆ ಹರಿಯುತ್ತಿತ್ತು, ಅಪ್ಪನ, ಅಜ್ಜನ, ಐನೂರನೇ ತಲೆಮಾರಿನವರೆಗಿನ ಪಾಪವೆಲ್ಲ ಅವನ ಮೈಯಲ್ಲಿತ್ತು ಎಂದು.

ಇಂದಿನ ಭಾಷೆಯಲ್ಲಿ ಆ ಮುತ್ತು ಲೈಂಗಿಕ ದೌರ್ಜನ್ಯ, ಅನುಮಾನ ಬೇಡ. ನಿಮ್ಮ ಮಾತಿನಲ್ಲಿ ಇದನ್ನು ಮುಲಾಜಿಲ್ಲದೆ ಹೇಳಿ. ಆದರೆ ಪುಟವನ್ನು ಅಲ್ಲೇ ಮುಚ್ಚಬೇಡಿ, ಮುಂದಿನ ಕೆಲವು ಸಾಲು ಓದಿ. ತಾನು ಮಾಡಿದ್ದಕ್ಕೆ ಹೆದರಿ ಅವನು ಕೆಲಸಕ್ಕೆ ಬೀಳುತ್ತಾನೆ. ಹಲ್ಲಿನ ಮೇಲೆ ರಬ್ಬರ್ ಹಾಳೆ ಬಿಗಿಯುವ ಹೊತ್ತಿಗೆ ಮತ್ತೆ ಅವನು ತನ್ನ ಹಿಡಿತದಲ್ಲಿದ್ದಾನೆ. ನೀವು ದಿನವೂ ಕಟ್ಟುವ ಆ ರಬ್ಬರ್ ಡ್ಯಾಮ್! ಐನೂರು ತಲೆಮಾರಿನ ಕೇಡು ಒಂದು ಹಾಳೆ ರಬ್ಬರಿಗೆ ತಣ್ಣಗಾಯಿತೇ? ನಿರೂಪಕ ಹೇಳಿದ್ದು ಒಂದು, ಕತೆಯಲ್ಲಿ ನಡೆದದ್ದು ಇನ್ನೊಂದು. ಈ ಬಿರುಕೇ ನಿಮ್ಮ ಇಪ್ಪತ್ತು ನಿಮಿಷದ ವಸ್ತು ಎಂದು ನನ್ನ ಸಲಹೆ.

ಅದೇ ಅಧ್ಯಾಯದಲ್ಲಿ ಕೈಕೆಲಸದ ಇನ್ನೊಂದು ವರ್ಣನೆಯಿದೆ, ಸಾಹಿತ್ಯದ ವಿದ್ಯಾರ್ಥಿಗಳು ಹಾರಿಸಿ ಓದುವಂಥದ್ದು. ಮ್ಯಾಕ್‌ಟೀಗ್ ಚಿನ್ನದ ತಗಡಿನ ಪಟ್ಟಿಯಿಂದ ವಾರಕ್ಕೆ ಬೇಕಾಗುವ ಭರ್ತಿಗಳನ್ನು ಮುಂಚೆಯೇ ಮಾಡಿಟ್ಟುಕೊಳ್ಳುತ್ತಾನೆ. ಪಟ್ಟಿಯನ್ನು ಅಡ್ಡಡ್ಡ ಕತ್ತರಿಸಿ ‘ಮ್ಯಾಟ್’, ಅದನ್ನು ಎರಡು ಹಲ್ಲಿನ ನಡುವೆ ಅಂಚಿನ ಮೇಲೆ ತೂರಿಸಿ ಜಡಿಯುವುದು. ಪಟ್ಟಿಯನ್ನು ಹಲವು ಸಲ ಮಡಿಸಿ ಇಕ್ಕಳದಲ್ಲಿ ಆಕಾರ ಕೊಟ್ಟರೆ ‘ಬ್ಲಾಕ್’, ಹಲ್ಲುಗಳ ನಡುವಿನ ದೊಡ್ಡ ಕುಳಿಗಳಿಗೆ. ಬ್ರೋಚ್ ಎಂಬ ಸೂಜಿಗೆ ಸುತ್ತಿ ಬೇಕಾದ ಉದ್ದಕ್ಕೆ ಕತ್ತರಿಸಿದರೆ ‘ಸಿಲಿಂಡರ್’, ಭರ್ತಿ ಶುರುಮಾಡಲು. ದಡ್ಡರಲ್ಲಿ ಕೆಲವೊಮ್ಮೆ ಕಾಣುವ ಕೈಚಳಕ ಎಂದು ನಾರಿಸ್ ಕೊಂಕು ನುಡಿಯುತ್ತಾನೆ. ಕೊಂಕು ಅವನಿಗಿರಲಿ. ಬರಿಬೆರಳಲ್ಲಿ ಹಲ್ಲು ಕೀಳಬಲ್ಲ ಈ ದೈತ್ಯನ ಕೈ ಚಿನ್ನದ ಚೂರುಗಳನ್ನು ಅಷ್ಟು ಹಗುರವಾಗಿ ತಿರುಗಿಸುತ್ತದೆ. ಕಸುಬು ಅವನ ಬಲಕ್ಕೆ ಕಟ್ಟಿದ ಮೂಗುದಾರ. ಕಾಲೇಜಿನ ಮೆಟ್ಟಿಲು ಹತ್ತದವನು, ಗಣಿಯ ಬಳಿ ಡೇರೆ ಹೊಡೆದ ಊರೂರು ಅಲೆಯುವ ಹಲ್ಲಿನವನೊಬ್ಬನ ಹಿಂದೆ ಹೋಗಿ ಕಲಿತವನು. ಮುಂದೆ ಅವನನ್ನು ಕೆಡವುವುದು ಅದೇ.

ಇನ್ನು ಹುಟ್ಟುಗುಣ. ಇದನ್ನು ನಾರಿಸ್ ತಾನೇ ಕಂಡುಹಿಡಿದದ್ದಲ್ಲ, ಆ ಕಾಲದ ಗಾಳಿಯಲ್ಲಿತ್ತು. ಇಟಲಿಯ ಚೆಸಾರೆ ಲೊಂಬ್ರೋಸೊ 1876ರಲ್ಲೇ, ಅಪರಾಧಿಗಳು ಹುಟ್ಟಿನಿಂದಲೇ ಅಪರಾಧಿಗಳು, ಆದಿಮಾನವನ ಕಡೆಗೆ ಮರಳಿದವರು, ದವಡೆ ನೋಡಿದರೆ ಗೊತ್ತಾಗುತ್ತದೆ ಎಂಬ ಧಾಟಿಯ ವಾದ ಹೂಡಿದ್ದ. ಮ್ಯಾಕ್‌ಟೀಗ್‌ನ ಚೌಕ ತಲೆ, ಮುಂಚಾಚಿದ ದವಡೆ ಈ ಅಚ್ಚಿನಿಂದಲೇ ಬಂದವು. ನಾರಿಸ್ ಬರ್ಕ್ಲಿಯಲ್ಲಿ ಓದುವಾಗ ಜೋಸೆಫ್ ಲೆಕಾಂಟ್ ಅಲ್ಲಿ ವಿಕಾಸವಾದ ಪಾಠ ಮಾಡುತ್ತಿದ್ದರು. ಮನುಷ್ಯನಲ್ಲಿ ಪಶುವೂ ಇದೆ, ಆತ್ಮವೂ ಇದೆ, ಪಶುವನ್ನು ಆತ್ಮ ಆಳಬೇಕು ಎಂಬುದು ಅವರ ಧೋರಣೆ. ಇದಕ್ಕೆ ಫ್ರಾನ್ಸಿನ ಎಮಿಲ್ ಜೋಲಾನ ಕಾದಂಬರಿಗಳ ಹುಚ್ಚು ಸೇರಿಕೊಂಡಿತು. ಕತೆಯ ಎಲುಬು ಸಿಕ್ಕಿದ್ದು 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಶಿಶುವಿಹಾರವೊಂದರಲ್ಲಿ ನಡೆದ ಕೊಲೆಯಿಂದ: ಅಲ್ಲಿ ಕಸಮುಸುರೆ ಮಾಡುತ್ತಿದ್ದ ಹೆಂಡತಿ ಹಣ ಕೊಡಲಿಲ್ಲವೆಂದು ಗಂಡ ಕೊಂದಿದ್ದ. ಪುಸ್ತಕ ಹೊರಬಂದದ್ದು 1899ರಲ್ಲಿ. ಮೂರೇ ವರ್ಷಕ್ಕೆ, 32ರ ಹರೆಯದಲ್ಲಿ, ನಾರಿಸ್ ತೀರಿಕೊಂಡ.

ಲೊಂಬ್ರೋಸೊನ ಆ ವಿಜ್ಞಾನ ಇಂದು ನಿಲ್ಲುವುದಿಲ್ಲ. ಕುಡಿತದ ಚಟಕ್ಕೆ ಅನುವಂಶೀಯತೆಯ ಪಾಲು ಇದೆಯೆಂಬುದು ನಿಜ. ಕೊಲೆ ರಕ್ತದಲ್ಲಿ ಇಳಿದು ಬರುತ್ತದೆಂಬುದು ಬೇರೆಯೇ ಮಾತು. ನಿಮ್ಮ ಬಳಗದ ಹಿರಿಯರ ಗಾದೆ ನಿಂತಿರುವುದು ಈ ಎರಡನೆಯದರ ಮೇಲೆ. ಅದನ್ನು ಒಪ್ಪಿದರೆ ಪುಸ್ತಕದ ಉಳಿದ ಸರಕನ್ನೂ ಕೊಳ್ಳಬೇಕಾಗುತ್ತದೆ. ಟ್ರೀನಾಳ ಜಿಪುಣತನಕ್ಕೆ ಅವಳ ಸ್ವಿಸ್-ಜರ್ಮನ್ ರೈತ ಪೂರ್ವಜರ ರಕ್ತ ಕಾರಣ ಎನ್ನುತ್ತಾನೆ ನಾರಿಸ್. ಗುಜರಿ ವ್ಯಾಪಾರಿ ಜೆರ್ಕೋ ಯಹೂದಿ, ಆದ್ದರಿಂದ ಚಿನ್ನದ ಹುಚ್ಚು ಎಂದು ಸಲೀಸಾಗಿ ಬರೆಯುತ್ತಾನೆ. ಯಹೂದಿಗಳ ಮೇಲಿನ ಹಳೆಯ ದ್ವೇಷದ ಬೊಂಬೆಯನ್ನೇ ತಂದು ಕೂರಿಸಿದ್ದು ಅದು. ರಕ್ತದಿಂದ ಒಬ್ಬನನ್ನು ವಿವರಿಸಲು ಹೊರಟವನು ಜನಾಂಗದಿಂದ ಇನ್ನೊಬ್ಬನನ್ನು ವಿವರಿಸುವುದಕ್ಕೆ ಬಹಳ ದೂರ ಹೋಗಬೇಕಿಲ್ಲ.

ರಕ್ತದ ವಾದಕ್ಕೆ ಇನ್ನೂ ದೊಡ್ಡ ಸೋಲಿದೆ. ‘ಈಗಲೇ ಏಕೆ?’ ಎಂಬ ಪ್ರಶ್ನೆಗೆ ಅದು ಬಾಯಿ ಬಿಡುವುದಿಲ್ಲ. ರಕ್ತ ಮೊದಲಿಂದಲೂ ಅದೇ. ಆದರೂ ಮದುವೆಯ ಮೊದಲ ವರ್ಷಗಳಲ್ಲಿ ಮ್ಯಾಕ್‌ಟೀಗ್ ಸುಧಾರಿಸುತ್ತಾನೆ. ಒಗೆದ ಅಂಗಿ, ಹೂಜಿ ಬೀರಿನ ಬದಲು ಬಾಟಲಿ ಬೀರು, ಸ್ವಂತ ಮನೆಯ ಕನಸು. ಅವನು ಹಂಬಲಿಸಿದ್ದ, ಬಾಗಿಲ ಮೇಲೆ ತೂಗುಹಾಕುವ ಚಿನ್ನದ ಬಣ್ಣದ ದೊಡ್ಡ ಹಲ್ಲನ್ನು ಟ್ರೀನಾ ಆಗಲೇ ಉಡುಗೊರೆ ಕೊಟ್ಟಿರುತ್ತಾಳೆ. ಹೀಗಿದ್ದವನು ಉರುಳಲು ಶುರುವಾಗುವುದು ಹದಿಮೂರನೇ ಅಧ್ಯಾಯದಲ್ಲಿ, ಒಂದು ಕಾಗದದಿಂದ. ಡಿಪ್ಲೊಮಾ ಇಲ್ಲದ ಕಾರಣ ಇನ್ನು ಹಲ್ಲು ಮುಟ್ಟಕೂಡದು ಎಂದು ಸಿಟಿ ಹಾಲ್‌ನ ನೋಟೀಸು. ಚಾಡಿ ಹೇಳಿದವನು ಹಳೆಯ ಗೆಳೆಯ ಮಾರ್ಕಸ್. ಟ್ರೀನಾಳನ್ನು ತಾನೇ ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟಿದ್ದವನು, ಅವಳಿಗೆ 5,000 ಡಾಲರ್ ಲಾಟರಿ ಹೊಡೆದಾಗ ಹೊಟ್ಟೆಯುರಿ ತಾಳಲಾರದೆ ಹೋದವನು.

ಈಗ ಹದಿನೈದನೇ ಅಧ್ಯಾಯದ ಮಳೆಯ ದಿನ. ಶಸ್ತ್ರಚಿಕಿತ್ಸೆಯ ಉಪಕರಣ ಮಾಡುವಲ್ಲಿ ಸಿಕ್ಕಿದ್ದ ಕೆಲಸವೂ ಹೋಗಿದೆ. ಕೈಯಲ್ಲಿದ್ದ ಸಂಬಳವನ್ನು ಟ್ರೀನಾ ಪೂರ್ತಿ ಇಸಿದುಕೊಂಡು, ಈಗಲೇ ಹೊಸ ಕೆಲಸ ಹುಡುಕು ಎಂದು ಹೊರಗೆ ಅಟ್ಟುತ್ತಾಳೆ. ಟ್ರ್ಯಾಮಿಗೆ ಒಂದು ನಿಕೆಲ್ ಕೊಡು ಎಂದು ಅವನು ಕೇಳುತ್ತಾನೆ. ನಿಕೆಲ್ ಅಂದರೆ ಐದು ಸೆಂಟು. ನಡೆದರೆ ಮೈಗೆ ಒಳ್ಳೆಯದು ಎನ್ನುತ್ತಾಳೆ ಟ್ರೀನಾ. ಲಾಟರಿ ಹಣ ಅವಳ ಬಂಧುವಿನ ವ್ಯಾಪಾರದಲ್ಲಿ ಶೇ. 6ರ ಬಡ್ಡಿಗೆ ಕೂತಿದೆ, ತಿಂಗಳಿಗೆ 25 ಡಾಲರ್ ಬರುತ್ತಿದೆ. ಅವನು ನಡೆಯುತ್ತಾನೆ, ಮಳೆ ಹಿಡಿಯುತ್ತದೆ, ಎಲ್ಲೂ ಕೆಲಸವಿಲ್ಲ. ತೊಯ್ದು ತೊಪ್ಪೆಯಾಗಿ ಮರಳುವಾಗ ಪರಿಚಯದವನೊಬ್ಬ ಕನಿಕರದಿಂದ ಬಾರಿಗೆ ಕರೆದು ವಿಸ್ಕಿ ಕುಡಿಸುತ್ತಾನೆ. ವಿಸ್ಕಿ ಅವನಿಗೆ ಅಮಲೇರಿಸುವುದಿಲ್ಲ, ಕ್ರೂರನನ್ನಾಗಿ ಮಾಡುತ್ತದೆ. ಬೆರಳು ಕಚ್ಚುವುದು ಶುರುವಾಗುವುದು ಇದರ ನಂತರ. ಅಪ್ಪನೂ ಎರಡು ವಾರಕ್ಕೊಮ್ಮೆ ಭಾನುವಾರ ಕುಡಿದು ಮೃಗವಾಗುತ್ತಿದ್ದ ಎಂದು ಮೊದಲ ಪುಟಗಳಲ್ಲೇ ಬಂದಿರುತ್ತದೆ. ಹಾಗಾಗಿ ರಕ್ತದ ಪಾತ್ರ ಶೂನ್ಯ ಎನ್ನಬೇಡಿ. ಸಿಡಿಮದ್ದು ಅಪ್ಪನದೇ ಇರಬಹುದು, ಕಡ್ಡಿ ಗೀರಿದ್ದು ಐದು ಸೆಂಟು.

ಕೊಲೆಯ ಮುನ್ನವೂ ಹೀಗೆಯೇ. ಟ್ರೀನಾಳ ಕೂಡಿಟ್ಟ ಹಣ ಕದ್ದು ಓಡಿಹೋದವನು, ದುಡ್ಡು ಕರಗಿದ ಮೇಲೆ ಹಸಿದು ಬಂದು ಅವಳ ಕಿಟಕಿಯ ಕೆಳಗೆ ನಿಂತು ಬೇಡುತ್ತಾನೆ. ಅವಳು ಕೊಡುವುದಿಲ್ಲ. ಕೊಡದಿರಲು ಅವಳಿಗೆ ಕಾರಣ ಬೇಕಾದಷ್ಟಿತ್ತು: ಅವನು ಕಚ್ಚಿದ ಬೆರಳುಗಳಿಗೆ ನಂಜೇರಿ ಕತ್ತರಿಸಬೇಕಾಗಿ ಬಂದಿತ್ತು. ಆಮೇಲೆ ಸಂಗೀತವಾದ್ಯಗಳ ಅಂಗಡಿಯೊಂದರಲ್ಲಿ ಪಿಯಾನೊ ಹೊರುವ ಕೆಲಸ ಸಿಕ್ಕಿ, ಅಲ್ಲಿ ತನ್ನದೇ ಕನ್ಸರ್ಟೀನಾ ಮಾರಾಟಕ್ಕಿರುವುದನ್ನು ಕಾಣುತ್ತಾನೆ. ತಾನಿಲ್ಲದಾಗ ಅವಳು ಮಾರಿದ್ದಾಳೆ. ಆರು ರಾಗದ ಆ ಪೆಟ್ಟಿಗೆ. ಕುಡಿದು, ಅವಳು ಕಸಮುಸುರೆ ಮಾಡುತ್ತಿದ್ದ ಶಿಶುವಿಹಾರಕ್ಕೆ ಹೋದವನು ಅವಳನ್ನು ಮುಷ್ಟಿಯಿಂದಲೇ ಗುದ್ದಿ ಕೊಲ್ಲುತ್ತಾನೆ.

ಮೂರನೆಯದು ಪ್ರಾಣಿಯ ಎಚ್ಚರ, ಅದು ಕೊಲೆಯ ನಂತರ ಕಾಣಿಸಿಕೊಳ್ಳುವಂಥದ್ದು. ಅವನು ತಾನು ಹುಡುಗನಾಗಿ ಗಾಡಿ ತಳ್ಳುತ್ತಿದ್ದ ಪ್ಲೇಸರ್ ಕೌಂಟಿಯ ಬಿಗ್ ಡಿಪ್ಪರ್ ಗಣಿಗೇ ನೇರ ಮರಳುತ್ತಾನೆ, ಗೂಡಿಗೆ ಮರಳುವ ಪ್ರಾಣಿಯಂತೆ. ಒಂದು ರಾತ್ರಿ ಕಾರಣವಿಲ್ಲದೆ ಮೈ ಜುಮ್ಮೆಂದು ಏಳುತ್ತಾನೆ. ಯಾರೂ ಇಲ್ಲ. ಆದರೂ ಹೊರಡುತ್ತಾನೆ. ಶೆರಿಫ್ ಬಂದಾಗ ಇವನು ಹೋಗಿ ಎರಡು ದಿನವಾಗಿರುತ್ತದೆ. ಈ ಆರನೇ ಇಂದ್ರಿಯದ ಮಾತು ನನಗೆ ಸ್ವಲ್ಪ ಅತಿಯೆನಿಸುತ್ತದೆ, ಮಾಟಮಂತ್ರದ ಅಂಚಿಗೆ ಹೋಗಿಬಿಡುತ್ತದೆ. ಆದರೆ ಒಂದು ಮುಖ್ಯ ಸಂಗತಿ: ಈ ಎಚ್ಚರಕ್ಕೂ ಕೇಡಿಗೂ ಸಂಬಂಧವಿಲ್ಲ. ಅದು ಯಾರನ್ನೂ ಕೊಲ್ಲು ಎನ್ನುವುದಿಲ್ಲ, ಓಡು ಎನ್ನುತ್ತದೆ ಅಷ್ಟೇ.

ಓಡುವಾಗ ಅವನು ಕ್ಯಾನರಿಯ ಪಂಜರ ಹಿಡಿದಿರುತ್ತಾನೆ! ಪಂಜರಕ್ಕೆ ಹಿಟ್ಟಿನ ಚೀಲ ಸುತ್ತಿ, ಬಿಸಿಲಿಗೆ ಹಕ್ಕಿ ಸಾಯಬಾರದೆಂದು ಒದ್ದೆ ಮಾಡುತ್ತಾನೆ, ಮರುಭೂಮಿಯಲ್ಲಿ, ಹನಿ ನೀರೂ ಲೆಕ್ಕವಿರುವ ಕಡೆ. ಗುರುತು ಹಿಡಿಯುವವರಿಗೆ ಇದಕ್ಕಿಂತ ಸುಲಭದ ಸುಳಿವಿಲ್ಲ. ಬದುಕುವ ಸಹಜ ಪ್ರವೃತ್ತಿ ಎಂಬುದು ಇದನ್ನು ಎಲ್ಲಿ ಹೇಳಿಕೊಟ್ಟಿತು? ‘ಅವನು ಬರೀ ಮೃಗ’ ಎನ್ನುವವರ ಮುಂದೆ ಆ ಒದ್ದೆ ಚೀಲವನ್ನು ಇಡಿ.

ಮಾತು ಕಟ್ಟುವಾಗ ನಿಮ್ಮ ಮುಂದೆ ಮೂರು ದಾರಿ ಬರುತ್ತವೆ, ಮೂರರಲ್ಲೂ ಗುಂಡಿಗಳಿವೆ. ರಕ್ತವೇ ಕಾರಣ ಎಂಬುದು ಸುಲಭದ ದಾರಿ, ನಿರೂಪಕನ ಉದ್ಧರಣೆಗಳು ಬೇಕಾದಷ್ಟು ಸಿಗುತ್ತವೆ. ಜೆರ್ಕೋನ ಚಿತ್ರಣಕ್ಕೆ ಏನು ಹೇಳುತ್ತೀರಿ ಎಂದು ಯಾರಾದರೂ ಕೇಳಿದ ಕೂಡಲೇ ಕುಸಿಯುತ್ತದೆ. ಕೆಲಸ ಹೋದದ್ದೇ ಕಾರಣ ಎಂಬುದು ನನಗೆ ಹೆಚ್ಚು ಹಿಡಿಸುವ ದಾರಿ. ಅಲ್ಲಿ ಎರಡು ಅಪಾಯಗಳಿವೆ. ಕೆಲಸ ಕಳೆದುಕೊಂಡವರೆಲ್ಲ ಹೆಂಡತಿಯನ್ನು ಕೊಲ್ಲುವುದಿಲ್ಲ. ಜೊತೆಗೆ ಹನ್ನೊಂದನೇ ಅಧ್ಯಾಯದ ಪಿಕ್ನಿಕ್ ಇದೆ: ಕುಸ್ತಿಯಾಟದಲ್ಲಿ ಮಾರ್ಕಸ್ ಕಿವಿ ಕಚ್ಚಿದಾಗ ಇವನು ಅರಚಿ ಅವನ ತೋಳು ಮುರಿಯುತ್ತಾನೆ, ಆಗ ಕಸುಬು ಚೆನ್ನಾಗಿಯೇ ನಡೆಯುತ್ತಿತ್ತು. ಇದನ್ನು ಮುಚ್ಚಿಡಬೇಡಿ, ನೀವೇ ಎತ್ತಿ ಹೇಳಿ. ಇವನೊಬ್ಬ ದುಷ್ಟ, ಅಷ್ಟೇ ಎಂಬುದು ಮೂರನೆಯದು. ಅದು ಟ್ರೀನಾಳ ಕಡೆ ನಿಲ್ಲುತ್ತದೆ, ಅದರ ಬಲವೇ ಅದು. ಆದರೆ ಮೊದಲ ಅಧ್ಯಾಯದ ಸಾಧು ಕುದುರೆಗೆ ಅದರಲ್ಲಿ ಜಾಗವಿಲ್ಲ.

ಎರಡನೆಯ ದಾರಿ ಹಿಡಿಯಿರಿ, ಆದರೆ ‘ಕಾರಣ’ ಮತ್ತು ‘ಕ್ಷಮೆ’ಯನ್ನು ಬೇರೆ ಬೇರೆ ಇಡಿ. ಹಲ್ಲು ಯಾಕೆ ಕೊಳೆಯಿತು ಎಂದು ರೋಗಿಗೆ ವಿವರಿಸಿದರೆ ಕೊಳೆತ ಹಲ್ಲು ಒಳ್ಳೆಯದಾಯಿತು ಎಂದೇನೂ ಆಗುವುದಿಲ್ಲ. ಮ್ಯಾಕ್‌ಟೀಗ್ ಹೇಗೆ ಆ ಕೋಣೆಯವರೆಗೆ ಬಂದ ಎಂಬುದು ಕಾದಂಬರಿಯ ವಿಷಯ. ಆ ಕೋಣೆಯಲ್ಲಿ ಮಾಡಿದ್ದು ಅವನದು. ಸುಲಭದಲ್ಲಿ ಎಡವುವುದು ಟ್ರೀನಾಳ ವಿಷಯದಲ್ಲಿ: ಐದು ಸೆಂಟಿನ ಪ್ರಸಂಗವನ್ನು ಜೋರಾಗಿ ಹೇಳಿದಷ್ಟೂ ‘ಹಾಗಾದರೆ ಅವಳದೇ ತಪ್ಪು’ ಎಂದು ಕೇಳುವವರಿಗೆ ಅನ್ನಿಸತೊಡಗುತ್ತದೆ. ಆದ್ದರಿಂದ ಅವಳ ಕತ್ತರಿಸಿದ ಬೆರಳುಗಳನ್ನು ಅದೇ ಉಸಿರಿನಲ್ಲಿ ಹೇಳಿ.

ಸಿದ್ಧತೆ ಹೀಗೆ ಮಾಡಿಕೊಳ್ಳಿ. ಪುಸ್ತಕಕ್ಕೆ 22 ಅಧ್ಯಾಯ, ಎಲ್ಲವನ್ನೂ ಮತ್ತೆ ಓದಲು ಹೊತ್ತಿಲ್ಲದಿದ್ದರೆ 1, 2, 13, 15, 19 ಮತ್ತು ಕೊನೆಯ ಮೂರು ಸಾಕು. ಎರಡು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ. ನಿರೂಪಕ ಮೃಗ, ರಕ್ತ, ವಂಶ ಎಂದಲ್ಲೆಲ್ಲ ಕೆಂಪು. ಅದಕ್ಕೆ ಹಿಂದಿನ ಎರಡು ಮೂರು ಪುಟಗಳಲ್ಲಿ ನಿಜವಾಗಿ ನಡೆದದ್ದಕ್ಕೆ, ಅಂದರೆ ಹಣ, ಹಸಿವು, ಕುಡಿತ, ಅವಮಾನ, ಇವಕ್ಕೆ ನೀಲಿ. ಕೆಂಪಿನ ಮುಂಚೆ ನೀಲಿ ಎಲ್ಲಿದೆ, ಎಲ್ಲಿ ಇಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಈಥರ್ ಪ್ರಸಂಗದಲ್ಲಿ ನೀಲಿ ಸಿಗುವುದಿಲ್ಲ, ಅಲ್ಲಿ ನಾರಿಸ್‌ಗೆ ಒಂದು ಅಂಕ ಬಿಟ್ಟುಕೊಡಿ. ಸಾರಾಂಶ ಹೇಳುತ್ತಾ ಕೂರಬೇಡಿ, ಎರಡು ನಿಮಿಷಕ್ಕಿಂತ ಹೆಚ್ಚು ಬೇಡ. ಎಂಟು ನಿಮಿಷ ಈಥರಿನಿಂದ ರಬ್ಬರ್ ಡ್ಯಾಮ್‌ವರೆಗೆ, ಏಳು ನಿಮಿಷ ಮಳೆಯ ದಿನಕ್ಕೆ, ಉಳಿದದ್ದು ಕ್ಯಾನರಿಗೆ. ಈ ಕತೆಯನ್ನು ಎರಿಕ್ ವಾನ್ ಸ್ಟ್ರೋಹೈಮ್ 1924ರಲ್ಲಿ ‘ಗ್ರೀಡ್’ ಎಂಬ ಮೂಕಿ ಚಿತ್ರ ಮಾಡಿದ, ಡೆತ್ ವ್ಯಾಲಿಗೇ ಹೋಗಿ ಚಿತ್ರೀಕರಿಸಿದ. ಕೊನೆಯ ದೃಶ್ಯ ತೋರಿಸುವ ಆಸೆಯಾಗಬಹುದು. ಬೇಡ, ಅದನ್ನು ನೋಡಿದವರು ಆಮೇಲೆ ಪುಸ್ತಕದ ಮಾತಾಡುವುದಿಲ್ಲ.

ಹಿರಿಯರು ಅದೇ ಗಾದೆಯನ್ನು ಮತ್ತೆ ಹೇಳಿದರೆ ವಾದಕ್ಕಿಳಿಯಬೇಡಿ. ಹದಿನೈದನೇ ಅಧ್ಯಾಯದ ಪುಟ ತೆಗೆದು ಅವರ ಕೈಗೇ ಕೊಟ್ಟು, ನಿಕೆಲ್ ಕೇಳುವ ಭಾಗವನ್ನು ಗಟ್ಟಿಯಾಗಿ ಓದಿ ಎನ್ನಿ.